ಯಾರೂ ಕೇಳದ ಸಹಿ

ನಮ್ಮ ಮನೆಯಲ್ಲಿ ಟಾಲ್ಕಂ ಪೌಡರ್ ಡಬ್ಬಿ ಇರುವುದು ಮುಖಕ್ಕೆ ಹಚ್ಚಿಕೊಳ್ಳುವುದಕ್ಕಲ್ಲ, ಕಾರ್ಡಿಗೆ ಹಚ್ಚುವುದಕ್ಕೆ. ನಗು ಬಂದರೆ ನಗಿ. ನಾನೂ ವರ್ಷಗಟ್ಟಲೆ ನಕ್ಕಿದ್ದೇನೆ, ಬೈದಿದ್ದೇನೆ, ಒಂದು ಸಲ ರೇಗಿ ಆ ಡಬ್ಬಿಯನ್ನು ಕಸದ ಬಿನ್ನಿಗೇ ಎಸೆದಿದ್ದೇನೆ. ನಮ್ಮನೆಯವರು ಮಾರನೇ ದಿನ ಇನ್ನೊಂದು ತಂದಿಟ್ಟರು. ಧಾರವಾಡದವರಾಗಿಯೂ ಈ ಮನುಷ್ಯನಿಗೆ ಗಟ್ಟಿಯಾಗಿ ಜಗಳ ಆಡಲು ಬರುವುದಿಲ್ಲ. ಮೈಸೂರಿನವಳಾದ ನಾನೇ ಇಬ್ಬರ ಪಾಲಿನದನ್ನೂ ಆಡುತ್ತೇನೆ.

ಕಾರ್ಡು ಎಂದರೆ ಇಸ್ಪೀಟಲ್ಲ. ಆಟಗಾರನ ಫೋಟೋ ಇರುವ, ಅಂಗೈಯಲ್ಲಿ ಹಿಡಿಸುವ ಕಾರ್ಡು. ಲಂಡನ್ನಿನ ಅಂಚಿನ ಅಕ್ಸ್‌ಬ್ರಿಡ್ಜಿನ ಆಫೀಸಿನಲ್ಲಿ ಇವರ ಪಕ್ಕದ ಮೇಜಿನಲ್ಲಿ ಒಬ್ಬ ಅಮೆರಿಕದವನಿದ್ದ. ಅವನಿಗೆ ಬೇಸ್‌ಬಾಲ್ ಕಾರ್ಡುಗಳ ಹುಚ್ಚು. ಅದೂ ಹೆಸರು ಮಾಡಿದವರದಲ್ಲ, ಚಿಕ್ಕಪುಟ್ಟ ತಂಡಗಳಲ್ಲಿ ಆಡುತ್ತಾ ಇವತ್ತಲ್ಲ ನಾಳೆ ಮೇಲೆ ಬಂದೇವು ಎಂದು ಕಾಯುತ್ತಿರುವ ಹುಡುಗರ ಸಹಿ ಇರುವ ಕಾರ್ಡುಗಳು. ಪುಣ್ಯಾತ್ಮ ತನ್ನ ದೇಶಕ್ಕೆ ವಾಪಸ್ಸು ಹೋದ, ಹುಚ್ಚನ್ನು ಇವರಿಗೆ ಅಂಟಿಸಿ ಹೋದ. ಇವರಿಗೆ ಬೇಸ್‌ಬಾಲ್ ತಲೆಬುಡ ಗೊತ್ತಿಲ್ಲ. ಅದನ್ನು ಕ್ರಿಕೆಟ್ಟಿಗೆ ತಿರುಗಿಸಿಕೊಂಡರು.

ಕೌಂಟಿಗಳ ಎರಡನೇ ತಂಡಗಳು ಆಡುವ ಮೈದಾನಗಳು ಲಂಡನ್ನಿನ ಸುತ್ತ ಬೇಕಾದಷ್ಟಿವೆ. ಟಿಕೆಟ್ ಇಲ್ಲ, ಜನ ಇಲ್ಲ. ನಾಲ್ಕು ಮಂದಿ ಮುದುಕರು ಫ್ಲಾಸ್ಕು ಹಿಡಿದು ಕೂತಿರುತ್ತಾರೆ, ಅವರ ಜೊತೆಗೆ ನಮ್ಮನೆಯವರು. ಒಂದು ಮ್ಯಾಚಿಗೆ ಹೋಗಿ ಹುಡುಗರ ಫೋಟೋ ತೆಗೆಯುವುದು, ಸೂಪರ್ ಮಾರ್ಕೆಟ್ಟಿನ ಮೆಷಿನ್ನಿನಲ್ಲಿ ಕಾರ್ಡಿನ ಅಳತೆಗೆ ಪ್ರಿಂಟ್ ಹಾಕಿಸುವುದು, ಮುಂದಿನ ಮ್ಯಾಚಿಗೆ ಒಯ್ದು ಸಹಿ ಕೇಳುವುದು. ಹೊಳಪಿನ ಕಾಗದದ ಮೇಲೆ ಮಾರ್ಕರ್ ಶಾಯಿ ಸರಿಯಾಗಿ ಹಿಡಿಯುವುದಿಲ್ಲ. ಅದಕ್ಕೇ ಮೊದಲು ಪೌಡರ್ ಹಚ್ಚಿ ಹತ್ತಿಯಲ್ಲಿ ತಿಕ್ಕಿ ಹೊಳಪು ತೆಗೆಯಬೇಕು. ಸಹಿ ಒಣಗುವ ತನಕ ಪ್ಲಾಸ್ಟಿಕ್ ಕವರಿಗೆ ಹಾಕಬಾರದು. ಎಲ್ಲಕ್ಕಿಂತ ಮುಖ್ಯ, ಸ್ಪಿರಿಟ್ಟು ಸ್ಯಾನಿಟೈಸರು ಹತ್ತಿರ ತರಬಾರದು, ಶಾಯಿ ಕರಗಿಬಿಡುತ್ತದೆ. ನಾನು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು, ಮನೆಯಲ್ಲೂ ಬಾಗಿಲ ಪಕ್ಕ ಸ್ಯಾನಿಟೈಸರ್ ಬಾಟಲಿ ಇಟ್ಟಿರುತ್ತೇನೆ. ನಾನು ಒಳಗೆ ಬಂದರೆ ಸಾಕು, "ಕೈ ಒಣಗ್ಲಿ, ಆಮ್ಯಾಲೆ ಇತ್ಲಾಗ ಬಾ" ಎಂದು ಆಲ್ಬಮ್ಮನ್ನು ಎದೆಗೆ ಅವುಚಿಕೊಳ್ಳುತ್ತಿದ್ದರು. ಮದುವೆಯಾದ ಹೊಸದರಲ್ಲಿ ನನ್ನನ್ನೂ ಹಾಗೆ ಅವುಚಿಕೊಂಡಿದ್ದು ನೆನಪಿಲ್ಲ ಎಂದು ನಾನು ಚುಚ್ಚುತ್ತಿದ್ದೆ.

ನಾನೂ ಒಂದೆರಡು ಸಲ ಜೊತೆಗೆ ಹೋಗಿದ್ದೇನೆ. ಆಟ ಮುಗಿದ ಮೇಲೆ ಗೇಟಿನ ಬಳಿ, ಹುಡುಗರ ದಾರಿಗೆ ಅಡ್ಡ ಬಾರದ ಹಾಗೆ ಪಕ್ಕಕ್ಕೆ ಸರಿದು ನಿಲ್ಲುತ್ತಾರೆ. ಕೇಳುವ ಮಾತು ಯಾವಾಗಲೂ ಒಂದೇ: "ವೆನ್ ಯು ಹ್ಯಾವ್ ಎ ಮಿನಿಟ್, ಪ್ಲೀಸ್." ಕೊಟ್ಟ ಮೇಲೆ ಹೇಳುವುದೂ ಒಂದೇ: "ಥ್ಯಾಂಕ್ಯೂ, ಆಲ್ ದಿ ಬೆಸ್ಟ್ ಫಾರ್ ದಿ ಸೀಸನ್." ಮಂತ್ರದ ಥರ. ಆ ಹುಡುಗರು ಮೊದಲು ಹಿಂದೆ ತಿರುಗಿ ನೋಡುತ್ತಾರೆ, ಇನ್ಯಾರನ್ನೋ ಕರೆದಿರಬೇಕು ಅಂತ. ತಮ್ಮನ್ನೇ ಎಂದು ಗೊತ್ತಾದಾಗ ಕಿವಿಯೆಲ್ಲ ಕೆಂಪಾಗುತ್ತದೆ. "ದೊಡ್ಡವ್ರ ಹಿಂದ ಊರ ಮಂದಿ ಬೀಳ್ತದ. ಈ ಹುಡುಗೂರ್ನ ಯಾರ ಕೇಳ್ತಾರ? ಒಬ್ಬರರ ಕೇಳಬೇಕಲ್ಲ" ಎನ್ನುತ್ತಿದ್ದರು ಇವರು. ಸಹಿ ನೋಡಿದರೇ ಹುಡುಗನ ಹಣೆಬರಹ ಗೊತ್ತಾಗುತ್ತದಂತೆ. "ಹೆಸರಾದವ್ರು ಗೀಚ್ತಾರ, ಹೆಸರಾಗಬೇಕು ಅನ್ನವ್ರು ಬರೀತಾರ." ಅದು ಮಾತ್ರ ನಿಜ. ಆ ಕಾರ್ಡುಗಳ ಮೇಲೆ ಒಂದೊಂದು ಅಕ್ಷರವನ್ನೂ ಬಿಡಿಸಿ ಓದಬಹುದು. ಶಾಲೆಯಲ್ಲಿ ಮೊದಲ ಸಲ ಪೆನ್ನು ಕೊಟ್ಟಾಗ ಮಕ್ಕಳು ಬರೆಯುವ ಹಾಗೆ ಬರೆದಿರುತ್ತಾರೆ.

ಆಲ್ಬಮ್ಮಿಗೂ ಒಂದು ಕಟ್ಟಳೆ ಇತ್ತು. ಇನ್ನೂ ಆಡುತ್ತಿರುವವರು ಮುಂದಿನ ಹಾಳೆಗಳಲ್ಲಿ. ತಂಡದಿಂದ ಕೈಬಿಟ್ಟವರ ಕಾರ್ಡು ಹಿಂದಿನ ಹಾಳೆಗಳಿಗೆ. ಪ್ರತಿ ವರ್ಷ ಸೀಸನ್ ಮುಗಿದ ಮೇಲೆ ಇವರು ಡೈನಿಂಗ್ ಟೇಬಲ್ಲಿನ ಮೇಲೆ ಆಲ್ಬಮ್ ಹರಡಿಕೊಂಡು, ಯಾರನ್ನು ಬಿಟ್ಟರು ಎಂದು ಫೋನಿನಲ್ಲಿ ನೋಡಿ, ಒಂದೊಂದೇ ಕಾರ್ಡು ತೆಗೆದು ಹಿಂದಕ್ಕೆ ಹಾಕುತ್ತಿದ್ದರು. ಆ ಹೊತ್ತಿನಲ್ಲಿ ಕಾಫಿ ಕೊಟ್ಟರೂ ಕುಡಿಯುತ್ತಿರಲಿಲ್ಲ. ಹಿಂದಿನ ಹಾಳೆಗಳೇ ದಪ್ಪ, ಮುಂದಿನವು ನಾಲ್ಕೋ ಐದೋ.

ಮುಂದಿನ ಹಾಳೆಯ ಮೊದಲ ಜಾಗದಲ್ಲಿ ಇದ್ದದ್ದು ನಮ್ಮ ಮಗ.

ಎಡಗೈ ಸ್ಪಿನ್ನರ್. ಒಬ್ಬನೇ ಮಗ. ಅಪ್ಪ ಅಮ್ಮ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಡುವ, ಇಲ್ಲಿನ ಎಲ್ಲರ ಮಕ್ಕಳ ಹಾಗಿನ ಮಗ. ಕೌಂಟಿಯ ಅಕಾಡೆಮಿಗೆ ಆರಿಸಿದಾಗ ಇವನಿಗೂ ಇವನ ಜೊತೆಯ ಹುಡುಗರಿಗೂ ಅಕಾಡೆಮಿಯವರೇ ಕಾರ್ಡು ಅಚ್ಚು ಹಾಕಿಸಿ ಕೊಟ್ಟರು. ಇವನು ಸಹಿ ಹಾಕುವುದನ್ನು ಕಲಿತದ್ದು ನಮ್ಮ ಡೈನಿಂಗ್ ಟೇಬಲ್ಲಿನ ಮೇಲೆ, ಕೌನ್ಸಿಲ್ಲಿನಿಂದ ಬಂದ ಲಕೋಟೆಗಳ ಹಿಂದೆ. ಅಪ್ಪ ಪಕ್ಕದಲ್ಲಿ ಕೂತು ಹೇಳಿಕೊಟ್ಟರು. "ಕೇಳಿದವ್ರಿಗೆ ಮರ್ಯಾದಿ ಕೊಡಬೇಕು. ಓದಲಿಕ್ಕೆ ಬರೂಹಂಗ ಬರಿ." ಕೊನೆಗೆ ಒಂದು ಚೆಂದದ ಸಹಿ ಆಯಿತು, ಕಡೇ ಅಕ್ಷರದ ಬಾಲ ಚೆಂಡು ತಿರುಗಿದ ಹಾಗೆ ಸುತ್ತಿಕೊಳ್ಳುತ್ತಿತ್ತು. ಮೊದಲ ಸಹಿ ಹಾಕಿಕೊಟ್ಟದ್ದು ಅಪ್ಪನಿಗೆ. ಇವರು ಅಡುಗೆಮನೆಯ ಬಾಗಿಲಲ್ಲಿ ಪಕ್ಕಕ್ಕೆ ಸರಿದು ನಿಂತು, "ವೆನ್ ಯು ಹ್ಯಾವ್ ಎ ಮಿನಿಟ್, ಪ್ಲೀಸ್" ಎಂದು ಕೇಳಿ ಹಾಕಿಸಿಕೊಂಡರು. ಮೂವರೂ ಎಷ್ಟು ನಕ್ಕೆವು.

ಎರಡನೇ ತಂಡಕ್ಕೂ ಆಡಿದ. ಇನ್ನೇನು ಕಾಂಟ್ರಾಕ್ಟ್ ಕೊಡುತ್ತಾರೆ ಎನ್ನುವಾಗ ಒಂದು ಮಧ್ಯಾಹ್ನ ಕೋಣೆಗೆ ಕರೆದು, ಟೀ ಕೊಟ್ಟು, ನೀನು ಒಳ್ಳೆಯ ಹುಡುಗ, ಆದರೆ ಬೇಡ ಎಂದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮನೆಗೆ ಬಂದವನು ತನ್ನ ಹತ್ತಿರವಿದ್ದ ಕಾರ್ಡುಗಳನ್ನೆಲ್ಲ ಹರಿದು ಹಾಕಿದ. ಉಳಿದದ್ದು ಅಪ್ಪನ ಆಲ್ಬಮ್ಮಿನಲ್ಲಿದ್ದದ್ದು ಒಂದೇ.

ಆಗಲೂ ಸರಿಹೋಗುತ್ತಿತ್ತೇನೋ. ಎಷ್ಟು ಮಕ್ಕಳು ಬಿದ್ದು ಎದ್ದಿಲ್ಲ. ಆದರೆ ಅದೇ ವಾರ ಈ ಮಹಾನುಭಾವರು ಮಾಡಿದ್ದು ಕೇಳಿ. ಎಂದಿನಂತೆ ಮ್ಯಾಚಿಗೆ ಹೋದರು. ನಮ್ಮವನ ಜಾಗಕ್ಕೆ ಒಬ್ಬ ಹೊಸ ಹುಡುಗನನ್ನು ಹಾಕಿದ್ದರು, ಅವನೂ ಎಡಗೈಯವನೇ. ಇವರು ಮೊದಲ ದಿನ ಅವನ ಫೋಟೋ ತೆಗೆದು, ರಾತ್ರಿಯೇ ಪ್ರಿಂಟ್ ಹಾಕಿಸಿ ಪೌಡರ್ ಹಚ್ಚಿ, ಮಾರನೇ ದಿನದ ಆಟದಲ್ಲಿ ಸಹಿ ಹಾಕಿಸಿಕೊಂಡು ಬಂದು ಒಣಗಲಿ ಅಂತ ಟೇಬಲ್ಲಿನ ಮೇಲೆ ಇಟ್ಟಿದ್ದರು. ಮಗ ತಟ್ಟೆ ಹಿಡಿದುಕೊಂಡು ಬಂದು ನೋಡಿದ. ನೋಡಿ ತಟ್ಟೆಯನ್ನು ಅಲ್ಲೇ ಇಟ್ಟು ಮೇಲೆ ಹೋದ.

"ನಿಮಗೇನು ಬುದ್ಧಿ ಮಂಕಾಗಿದೆಯೇನ್ರೀ? ಗಾಯದ ಮೇಲೆ ಬರೆ ಎಳೀತೀರಲ್ಲ!" ಎಂದು ನಾನು ಕೂಗಾಡಿದೆ. ಇವರು ತಬ್ಬಿಬ್ಬಾಗಿ ನಿಂತು, "ಆ ಹುಡುಗಂದೇನ ತಪ್ಪದ? ಅವಗೂ ಮೊದಲನೇ ಮ್ಯಾಚು. ಒಬ್ಬರರ ಕೇಳಬೇಕಲ್ಲ" ಎಂದರು. ಅವರು ಹೇಳಿದ್ದು ಸುಳ್ಳಲ್ಲ. ಲೋಕದ ಮಕ್ಕಳ ಮೇಲೆಲ್ಲ ಕರುಣೆ ಉಕ್ಕುವ ಈ ಗಂಡಸಿಗೆ ತನ್ನ ಮಗನ ಮುಖ ನೋಡಲು ಬರಲಿಲ್ಲವಲ್ಲ ಎಂದು ನನಗೆ ಹೊಟ್ಟೆ ಉರಿದುಹೋಯಿತು.

ಅಂದಿನಿಂದ ಮಗ ಅಪ್ಪನ ಜೊತೆ ಮಾತು ಬಿಟ್ಟ. ಪಾರ್ಕ್ ರಾಯಲ್ಲಿನ ಕೈಗಾರಿಕಾ ಪ್ರದೇಶದಲ್ಲಿ ರೆಡಿ ಊಟದ ಪೊಟ್ಟಣಗಳನ್ನು ಲಾರಿಗೆ ಹೇರುವ ಗೋಡೌನಿನಲ್ಲಿ ಕೆಲಸ ಹಿಡಿದ. ಓದುವುದಿಲ್ಲ ಎಂದ, ಆಡುವುದೂ ಇಲ್ಲ ಎಂದ. ಅಪ್ಪ ಎದ್ದು ಹೋದ ಮೇಲೆ ಊಟಕ್ಕೆ ಬರುತ್ತಿದ್ದ. ಒಂದೇ ಮೆಟ್ಟಿಲ ಮೇಲೆ ಎದುರಾದರೆ ಗೋಡೆಗೆ ಒತ್ತಿಕೊಂಡು ದಾರಿ ಬಿಡುತ್ತಿದ್ದ, ಟ್ಯೂಬ್ ರೈಲಿನಲ್ಲಿ ಅಪರಿಚಿತರಿಗೆ ಬಿಡುವ ಹಾಗೆ. ವರ್ಷಗಳು ಹೀಗೇ ಹೋದವು. ಒಂದು ಮನೆ, ಮೂರು ಜನ, ನಡುವೆ ನಾನು ಟಪಾಲಿನವಳು. "ಅಪ್ಪ ಕೇಳ್ತಿದ್ದಾರೆ ಹೀಟಿಂಗ್ ಹಾಕಲಾ ಅಂತ." "ಅವನು ಬೇಡ ಅಂದ." ನನಗೆ ಕಾಂಟ್ರಾಕ್ಟು ಬೇಕಾಗಿರಲಿಲ್ಲ, ಕ್ರಿಕೆಟ್ಟು ಹಾಳಾಗಿ ಹೋಗಲಿ, ಮಗ ಅಪ್ಪನಿಗೆ ಒಂದೇ ಒಂದು ಮಾತು ಆಡಿದರೆ ಸಾಕಾಗಿತ್ತು. ಅದಕ್ಕೆ ಹೊರದ ಹರಕೆ ಇಲ್ಲ.

ಇವರು ಮಾತ್ರ ಮಗನ ಕಾರ್ಡನ್ನು ಹಿಂದಕ್ಕೆ ಹಾಕಲಿಲ್ಲ. ಪ್ರತಿ ವರ್ಷ ಬೇರೆಯವರ ಮಕ್ಕಳನ್ನೆಲ್ಲ ಹಿಂದಿನ ಹಾಳೆಗೆ ಕಳಿಸುತ್ತಿದ್ದರು, ಇವನು ಮೊದಲ ಜಾಗದಲ್ಲೇ ಇದ್ದ. "ಕಟ್ಟಳೆ ಅಂದ್ರೆ ಎಲ್ಲರಿಗೂ ಒಂದೇ ಅಲ್ವೇನ್ರೀ?" ಎಂದು ನಾನು ಕೆಣಕಿದರೆ, "ಸುಮ್ನಿರು ನೀ" ಎಂದು ಹಾಳೆ ತಿರುಗಿಸಿಬಿಡುತ್ತಿದ್ದರು.

ಹೋದ ನವರಾತ್ರಿಯಲ್ಲಿ ನನ್ನ ಹರಕೆ ಫಲಿಸಿತು ಅಂದುಕೊಂಡೆ. ಮಗ ಸೆಕೆಂಡ್ ಹ್ಯಾಂಡ್ ಕಾರೊಂದು ಕೊಂಡಿದ್ದ. ಅಡುಗೆಮನೆಗೆ ಬಂದು, ಫ್ರಿಜ್ಜಿಗೆ ಒರಗಿಕೊಂಡು, ಆ ಪೂಜೆ ಇದೆಯಲ್ಲ, ನಿಂಬೆಹಣ್ಣಿನದು, ನನ್ನ ಕಾರಿಗೂ ಮಾಡ್ತೀಯಾ ಎಂದು ಇಂಗ್ಲಿಷಿನಲ್ಲಿ ಕೇಳಿದ. ನಾನು ಒಲೆಯ ಕಡೆ ತಿರುಗಿಕೊಂಡೆ, ಕಣ್ಣಲ್ಲಿ ನೀರು ಕಂಡರೆ ಎಲ್ಲಿ ಓಡಿಬಿಡುತ್ತಾನೋ ಅಂತ. "ಪೂಜೆ ಮಾಡೋದು ಅಪ್ಪ ಕಣೋ" ಎಂದೆ. ಫ್ರಿಜ್ಜಿನ ಬಾಗಿಲು ತೆಗೆದು ಮುಚ್ಚಿ, ಓಕೆ ಎಂದ. ಓಕೆ ಎಂದ!

ಇವರಿಗೆ ಹೇಳಿದೆ. ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ಮಾರನೇ ದಿನ ಟ್ಯೂಬು ಹತ್ತಿ ಲಂಡನ್ನಿನ ಇನ್ನೊಂದು ತುದಿಯ ಟೂಟಿಂಗಿನ ತನಕ ಹೋಗಿ ಚೆಂಡುಹೂವು, ವೀಳ್ಯದೆಲೆ, ಬೂದುಗುಂಬಳ ಎಲ್ಲ ಹೊತ್ತು ತಂದರು. ಅಕ್ಸ್‌ಬ್ರಿಡ್ಜಿನ ಹತ್ತಿರದಲ್ಲೇ ಸಿಗುತ್ತದಲ್ರೀ ಎಂದರೆ, ಟೂಟಿಂಗಿನ ಹೂವು ತಾಜಾ ಇರ್ತಾವ ಎಂದರು. ಮಗನ ಕಾರಿಗಲ್ಲವೇ.

ಆಯುಧ ಪೂಜೆಯ ಬೆಳಿಗ್ಗೆ ನಾನು ಅಡುಗೆಮನೆಯಲ್ಲಿ ಆಂಬೊಡೆ ಕರಿಯುತ್ತಿದ್ದೆ. ಇವರು ಹಾಲ್‌ನಲ್ಲಿ ಮಣೆ ಹಾಕಿ, ಮನೆಯ ಆಯುಧಗಳನ್ನೆಲ್ಲ ಸಾಲಾಗಿ ಜೋಡಿಸುತ್ತಿದ್ದರು. ಲ್ಯಾಪ್‌ಟಾಪು, ಮಿಕ್ಸಿ, ನನ್ನ ಕತ್ತರಿ, ಸ್ಕ್ರೂಡ್ರೈವರು, ಮಗನ ಕಾರಿನ ಕೀ. ಪ್ರತಿಯೊಂದಕ್ಕೂ ಅರಿಶಿನ, ಕುಂಕುಮ, ಮೇಲೊಂದು ಹೂವು. ಎದುರಿನ ಗೋಡೆಯ ಮೇಲೆ ನಮ್ಮ ಅತ್ತೆ ಮಾವನ ಫೋಟೋಗಳಿವೆ, ಗಂಧದ ಹಾರ ಹಾಕಿ, ಗಾಜಿನ ಮೇಲೆ ಹಣೆಯ ಜಾಗಕ್ಕೆ ಕುಂಕುಮ ಇಟ್ಟದ್ದು. ಹಬ್ಬವೆಂದು ಅವಕ್ಕೂ ಹೊಸ ಕುಂಕುಮ, ಹೊಸ ಹೂವು ಆಗಿತ್ತು. "ಬರ್ರಿ, ಮಂಗಳಾರತಿ" ಎಂದು ಇವರು ಕರೆದಾಗ ಮಗ ಮೆಟ್ಟಿಲಿಳಿದು ಬಂದ. ಸ್ನಾನ ಮಾಡಿ ಜುಬ್ಬಾ ಹಾಕಿಕೊಂಡಿದ್ದ. ನಾನು ಕೈ ಒರೆಸಿಕೊಳ್ಳುತ್ತಾ ಅವನ ಹಿಂದೆ ಬಂದೆ.

ಸಾಲಿನ ಕೊನೆಗೆ ಆಲ್ಬಮ್ ಇತ್ತು. ಅದಕ್ಕೆ ಒರಗಿಸಿ, ಕವರಿನಿಂದ ಹೊರಗೆ ತೆಗೆದು, ನೆಟ್ಟಗೆ ನಿಲ್ಲಿಸಿದ್ದರು ಮಗನ ಕಾರ್ಡನ್ನು. ಅಭ್ಯಾಸಬಲ, ಬೆರಳು ತಾನಾಗಿ ಹಣೆಗೇ ಹೋಗಿತ್ತು. ಅವನ ಹಣೆಯ ಮೇಲೆ ದೊಡ್ಡ ಕುಂಕುಮ, ತಲೆಯ ಮೇಲೆ ಒಂದು ಚೆಂಡುಹೂವು.

ಬದುಕಿರುವವರ ಫೋಟೋಗೆ ಯಾರಾದರೂ ಕುಂಕುಮ ಇಟ್ಟು ಹೂವು ಏರಿಸುತ್ತಾರೆಯೇ? ಹೆತ್ತ ಮಗನದಕ್ಕೆ? ಮಗ ಕಾರ್ಡು ನೋಡಿದ. ಕತ್ತೆತ್ತಿ ಗೋಡೆಯ ಮೇಲಿನ ಅಜ್ಜ ಅಜ್ಜಿಯನ್ನು ನೋಡಿದ. ಮತ್ತೆ ಕಾರ್ಡು ನೋಡಿದ. ಇಲ್ಲೇ ಹುಟ್ಟಿ ಬೆಳೆದವನು, ಇದೆಲ್ಲ ಅವನಿಗೆಲ್ಲಿ ತಿಳಿದೀತು ಎಂದು ಒಂದು ಗಳಿಗೆ ದೇವರಲ್ಲಿ ಬೇಡಿಕೊಂಡೆ. ತಿಳಿದಿತ್ತು.

ಇವರಿಗೆ ಇನ್ನೂ ಅರಿವಿಲ್ಲ. ಆರತಿ ತಟ್ಟೆ ಹಿಡಿದು ನಗುನಗುತ್ತಾ, "ಎಲ್ಲಾರೂ ತಮ್ಮ ತಮ್ಮ ಆಯುಧ ಇಡ್ತಾರ. ನಂದು ಇದ ನೋಡಪಾ" ಎಂದರು.

ಮಗ ಕನ್ನಡದಲ್ಲಿ ಹೇಳಿದ. ಅಪ್ಪನ ಮುಖ ನೋಡಿ, ಸಿಟ್ಟಿಲ್ಲದೆ, ಮೆಲ್ಲಗೆ ಹೇಳಿದ.

"ಸರಿಯಾಗೇ ಮಾಡಿದ್ದೀಯ ಬಿಡಪ್ಪ. ಅವನು ಸತ್ತು ತುಂಬ ದಿನ ಆಯ್ತು."

"ಬಿಡ್ತು ಅನ್ನು! ಬಿಡ್ತು ಅನ್ನೋ!" ಎಂದು ನಾನು ಚೀರಿದೆ. ಅಸ್ತು ಎನ್ನುವ ದೇವತೆಗಳು ಮೇಲೆ ಇರುತ್ತಾರಂತೆ, ಆಡಿದ್ದು ನಿಜವಾಗಿಬಿಡುತ್ತದಂತೆ. ಅವನು ಬಿಡ್ತು ಅನ್ನಲಿಲ್ಲ. ಬಗ್ಗಿ ಕಾರಿನ ಕೀ ಎತ್ತಿಕೊಂಡು, ಅದರ ಮೇಲಿನ ಕುಂಕುಮವನ್ನು ಜುಬ್ಬಾಕ್ಕೆ ಒರೆಸಿಕೊಂಡು ಹೊರಗೆ ಹೋದ. ಬೆಳಿಗ್ಗೆ ನಾನೇ ಚಕ್ರಗಳ ಕೆಳಗೆ ಇಟ್ಟಿದ್ದ ನಿಂಬೆಹಣ್ಣುಗಳು ಪಚಕ್ಕೆಂದು ಒಡೆದದ್ದು ಒಳಗೆ ಕೇಳಿಸಿತು. ಮಗ ಅಪ್ಪನಿಗೆ ಒಂದು ಮಾತು ಆಡಲಿ ಅಂತ ವರ್ಷಗಟ್ಟಲೆ ಬೇಡಿಕೊಂಡಿದ್ದೆನಲ್ಲ, ಆಡಿದ. ನನ್ನ ದೇವರುಗಳಿಗೆ ಕಣ್ಣೂ ಇಲ್ಲ ಕಿವಿಯೂ ಇಲ್ಲ.

ಇವರು ಅಲ್ಲೇ ಕುಕ್ಕರಿಸಿದರು. "ನಾ ಬರೇ ಕಾರ್ಡ್ ಅಂತ ತಿಳದಿದ್ದೆ. ಫೋಟೋ ಅಂತ ಹೊಳೀಲಿಲ್ಲ ನೋಡು, ಬರೇ ಕಾರ್ಡು" ಎಂದು ಹೇಳಿದ್ದನ್ನೇ ಹೇಳಿದರು. ಎದ್ದು ಒದ್ದೆ ಬಟ್ಟೆ ತಂದು ಆ ಕುಂಕುಮ ಒರೆಸಿದರು. ಹೋಗಲಿಲ್ಲ. ಸಹಿಗೆಂದು ಹೊಳಪು ತೆಗೆದ ಕಾಗದ, ಬಣ್ಣ ಒಳಗೇ ಇಳಿದುಬಿಟ್ಟಿತ್ತು. ಆಗ ಈ ಮನುಷ್ಯ, ನನ್ನ ಕೈ ಒಣಗುವ ತನಕ ಹತ್ತಿರ ಬಿಡದಿದ್ದ ಈ ಮನುಷ್ಯ, ಬಾಗಿಲ ಪಕ್ಕದ ಸ್ಯಾನಿಟೈಸರ್ ಬಾಟಲಿಯನ್ನು ಎತ್ತಿಕೊಂಡು ಬಂದು ಕಾರ್ಡಿನ ಮೇಲೆ ಸುರಿದು ತಿಕ್ಕತೊಡಗಿದರು. "ರೀ, ಸಹಿ!" ಎಂದು ನಾನು ಕೈ ಹಿಡಿಯುವಷ್ಟರಲ್ಲಿ ಆಗಿಹೋಗಿತ್ತು. ಕುಂಕುಮದ ಜೊತೆಗೆ ಶಾಯಿಯೂ ಎದ್ದು ಬಂತು. ಚೆಂಡಿನ ಹಾಗೆ ಸುತ್ತಿಕೊಂಡಿದ್ದ ಆ ಬಾಲ, ಆ ಬಿಡಿಬಿಡಿ ಅಕ್ಷರ, ಎಲ್ಲ ಸೇರಿ ಒಂದು ನೇರಳೆ ಕಲೆ ಆಯಿತು. ಒಲೆಯ ಮೇಲೆ ಆಂಬೊಡೆ ಕರಕಲಾಗಿ ಸ್ಮೋಕ್ ಅಲಾರಂ ಹೊಡೆದುಕೊಳ್ಳುತ್ತಿತ್ತು. ಇಬ್ಬರೂ ಅತ್ತ ಹೋಗಲಿಲ್ಲ.

ಮಾರನೇ ದಿನ ವಿಜಯದಶಮಿ. ಧಾರವಾಡದ ಕಡೆ ಅವತ್ತು ಬನ್ನಿ ಎಲೆ ಕೊಟ್ಟು, ಹಳೇ ಜಗಳ ಮರೆತು, ಬಂಗಾರದಂಗ ಇರೋಣು ಎನ್ನುತ್ತಾರೆ. ಇವರ ತಂಗಿ ಪ್ರತಿ ವರ್ಷ ಒಣಗಿಸಿದ ಬನ್ನಿ ಕಳಿಸುತ್ತಾಳೆ. ಅದನ್ನು ಜೇಬಿನಲ್ಲಿಟ್ಟುಕೊಂಡು ಇವರು ಕಿಟಕಿಯ ಬಳಿ ಕೂತೇ ಇದ್ದರು. ಸಂಜೆ ಮಗ ನನಗೆ ಮೆಸೇಜು ಕಳಿಸಿದ, ಕೆಲಸದ ಹತ್ತಿರ ಗೆಳೆಯರ ಜೊತೆ ರೂಮು ಸಿಕ್ಕಿದೆ, ಇರುತ್ತೇನೆ ಎಂದು. ಎಲೆ ಜೇಬಿನಲ್ಲೇ ಪುಡಿಯಾಯಿತು.

ದೀಪಾವಳಿ ಕಳೆದ ಮೇಲೆ ಒಂದು ಶನಿವಾರ ಮಧ್ಯಾಹ್ನ ದಪ್ಪ ಜಾಕೆಟ್ಟುಗಳನ್ನು ಒಯ್ಯಲು ಮಗ ಬಂದ. ಬರುತ್ತಾನೆಂದು ನನಗೆ ಗೊತ್ತಿತ್ತು, ಇವರಿಗೂ ಹೇಳಿದ್ದೆ. ಮಗ ಮೇಲೆ ಬಟ್ಟೆ ತುಂಬಿಕೊಳ್ಳುತ್ತಿದ್ದಾಗ ನೋಡಿದರೆ, ಇವರು ಮೆಟ್ಟಿಲ ಕೆಳಗೆ, ದಾರಿಗೆ ಅಡ್ಡ ಬಾರದ ಹಾಗೆ ಪಕ್ಕಕ್ಕೆ ಸರಿದು ನಿಂತಿದ್ದಾರೆ. ಕೈಯಲ್ಲಿ ಮಾರ್ಕರು, ಇನ್ನೊಂದು ಕೈಯಲ್ಲಿ ಹೊಸ ಕಾರ್ಡು. ಅಕಾಡೆಮಿಯ ದಿನಗಳಲ್ಲಿ ತಾವೇ ತೆಗೆದ ಇನ್ನೊಂದು ಫೋಟೋ ಪ್ರಿಂಟ್ ಹಾಕಿಸಿದ್ದರು. ಪೌಡರಿನ ವಾಸನೆ ನಾನು ನಿಂತಲ್ಲಿಗೂ ಬರುತ್ತಿತ್ತು. ಬೇಡ ಕಣ್ರೀ ಎಂದು ಕೈಸನ್ನೆ ಮಾಡಿದೆ. ನನ್ನ ಕಡೆ ನೋಡಲೇ ಇಲ್ಲ.

ಮಗ ಬ್ಯಾಗು ಹೊತ್ತು ಇಳಿದು ಬಂದ. ಇವರು ಕಾರ್ಡು ಮುಂದೆ ಚಾಚಿ ಹೇಳಿದರು, ಅದೇ ಮಾತು.

"ವೆನ್ ಯು ಹ್ಯಾವ್ ಎ ಮಿನಿಟ್, ಪ್ಲೀಸ್."

ಮಗ ನಿಂತ. ಕಾರ್ಡು ನೋಡಿದ. ಹರಿದು ಹಾಕುತ್ತಾನೆ ಅಂದುಕೊಂಡೆ. ಹರಿದಿದ್ದರೆ ಚೆನ್ನಾಗಿತ್ತು, ಕೂಗಾಡಿದ್ದರೆ ಇನ್ನೂ ಚೆನ್ನಾಗಿತ್ತು. ಬ್ಯಾಗು ಕೆಳಗಿಟ್ಟು, ಕಾರ್ಡನ್ನು ಗೋಡೆಗೆ ಒತ್ತಿಕೊಂಡು, ಸಹಿ ಹಾಕಿದ. ಪಾರ್ಸಲ್ ಬಂದಾಗ ಆ ಸಣ್ಣ ಮೆಷಿನ್ನಿನ ಮೇಲೆ ನಾವು ಬೆರಳಲ್ಲಿ ಎಳೆಯುತ್ತೇವಲ್ಲ, ಗೋಡೌನಿನಲ್ಲಿ ಲಾರಿ ಲಾರಿಗೂ ಇವನು ಎಳೆಯುತ್ತಾನಲ್ಲ, ಹಾಗೆ. ಒಂದು ಗೆರೆ, ನಡುವೆ ಒಂದು ಉಬ್ಬು, ಅಷ್ಟೆ. "ಚೀರ್ಸ್" ಎಂದು, ಇಲ್ಲಿ ಅಂಗಡಿಯವನಿಗೆ ಥ್ಯಾಂಕ್ಸ್ ಬದಲು ಹೇಳುವ ಹಾಗೆ, ಪೆನ್ನು ವಾಪಸ್ಸು ಕೊಟ್ಟ. ಕೋಪ ಇರಲಿಲ್ಲ, ಏನೂ ಇರಲಿಲ್ಲ.

"ಥ್ಯಾಂಕ್ಯೂ" ಎಂದರು ಇವರು. "ಆಲ್ ದಿ ಬೆಸ್ಟ್ ಫಾರ್..."

ಬಾಗಿಲು ಹಾಕಿಕೊಂಡ ಸದ್ದಾಯಿತು, ಕಾರು ಹೋಯಿತು. ಇವರು ಕಾರ್ಡನ್ನು ಟೇಬಲ್ಲಿನ ಮೇಲಿಟ್ಟು ಒಣಗಲು ಬಿಟ್ಟರು. ನಾನು ಬಗ್ಗಿ ನೋಡಿದೆ. ನಾವಿಬ್ಬರೂ ಕೂತು ಆರಿಸಿ ಇಟ್ಟ ಹೆಸರು, ಒಂದಕ್ಷರ ಓದಲು ಬರುತ್ತಿರಲಿಲ್ಲ. ಒಣಗಿದ ಮೇಲೆ ಇವರು ಅದನ್ನು ಕವರಿಗೆ ಹಾಕಿ, ಆಲ್ಬಮ್ ತೆರೆದು, ಖಾಲಿಯಿದ್ದ ಮೊದಲ ಜಾಗದ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಕೂತರು. ಆಮೇಲೆ ಹಾಳೆಗಳನ್ನು ತಿರುಗಿಸುತ್ತಾ ಹೋಗಿ, ಹಿಂದೆ, ಬಿಟ್ಟುಹೋದ ಹುಡುಗರ ನಡುವೆ ಒಂದು ಜಾಗ ಹುಡುಕಿ ಅಲ್ಲಿ ಹಾಕಿದರು.